ಲಾಳದ ಜವರಪ್ಪನ ಮೇಲ್ದವಡೆ ಹಲ್ಲು

ಎತ್ತು ಕೆಡವುವುದಕ್ಕೆ ಬಲ ಬೇಕು ಅಂದುಕೊಂಡವರು ಲಾಳ ಕಟ್ಟುವವರನ್ನು ಹತ್ತಿರದಿಂದ ನೋಡಿಲ್ಲ. ಬಲದ ಮಾತಾದರೆ ಗೆಲ್ಲುವುದು ಎತ್ತೇ. ನಾಲ್ಕೈದು ಕ್ವಿಂಟಾಲು ತೂಗುವ ಪ್ರಾಣಿಯ ಮುಂದೆ ಮನುಷ್ಯ ಯಾವ ಲೆಕ್ಕ? ಕುಂದಾಣದ ಸುತ್ತಿನ ಹಳ್ಳಿಗಳಲ್ಲಿ ಮೂವತ್ತೈದು ವರ್ಷದಿಂದ ದನಗಳಿಗೆ ಲಾಳ ಕಟ್ಟುತ್ತಿದ್ದ ಜವರಪ್ಪ ಐವತ್ತು ಕೆಜಿ ಇದ್ದರೆ ಹೆಚ್ಚು. ಕುಕ್ಕರುಗಾಲಲ್ಲಿ ಕೂತರೆ ರಾಗಿ ಮೂಟೆಯ ಹಿಂದೆ ಕಾಣದಂತಾಗುವ ಆಳು. ಅವನು ಕೊಂಬಿನ ಬುಡಕ್ಕೆ ಹಗ್ಗ ಹಾಕಿ, ಎದೆಗೊಂದು ಹೊಟ್ಟೆಗೊಂದು ಸುತ್ತು ತಂದು, ಬಾಲದ ಕಡೆ ನಿಂತು ಹದವಾಗಿ ಎಳೆದನೆಂದರೆ ಎತ್ತು ತಾನಾಗಿಯೇ ಮಂಡಿಯೂರಿ, ಪಕ್ಕಕ್ಕೆ ವಾಲಿ, ದೊಡ್ಡದೊಂದು ಉಸಿರು ಬಿಟ್ಟು ಮಲಗುತ್ತಿತ್ತು. ಆಮೇಲೆ ನಾಲ್ಕೂ ಕಾಲು ಸೇರಿಸಿ ಬಿಗಿದರೆ ಆಯಿತು.

ದನಕ್ಕೆ ಒಂದೇ ಒಂದು ಏಟು ಹಾಕದೆ ಕೆಲಸ ಮುಗಿಸುತ್ತಾನೆ ಎನ್ನುವುದು ಅವನಿಗಿದ್ದ ಹೆಸರು. ಬಾಮೈದ ಮುನಿಕೃಷ್ಣ, ಅಂದರೆ ಹೆಂಡತಿ ನರಸಮ್ಮನ ತಮ್ಮ, ಅವನ ಜೊತೆ ಹಗ್ಗ ಹಿಡಿಯಲು ಬರುತ್ತಿದ್ದ. ಅವನು ಮೊದಮೊದಲು ಒಂದೆರಡು ಸಲ ಬಾರುಕೋಲು ಎತ್ತಿದಾಗ ಜವರಪ್ಪ ಅದನ್ನು ಕಿತ್ತುಕೊಂಡು ಬೇಲಿಯಾಚೆ ಎಸೆದಿದ್ದ. "ಹೊಡ್ದು ಕೆಡವಿದ್ ದನ ಮುಂದಿನ್ ಸಲ ನಿನ್ ವಾಸನೆಗೇ ಹಾಯ್ತದೆ ಕಣೋ. ನಾವು ಅನ್ನ ತಿನ್ನೋದು ಅದ್ರ ಕಾಲಿಂದ" ಅಂದಿದ್ದ. ಇಷ್ಟು ದೊಡ್ಡ ಮಾತಾಡಿದವನನ್ನು ದೇವರು ಸುಮ್ಮನೆ ಬಿಡುತ್ತಾನೆಯೇ?

ಟ್ರ್ಯಾಕ್ಟರು ಬಂದ ಮೇಲೆ ಕಸುಬು ಸೊರಗಿತ್ತು. ತಿಂಗಳಿಗೆ ಎಂಟೋ ಹತ್ತೋ ಜೊತೆ ಸಿಕ್ಕರೆ ಪುಣ್ಯ. ಉಳಿದ ದಿನ ಕುಡುಗೋಲು ಮಚ್ಚು ಹದ ಹಾಕಿಕೊಂಡು ಇರುತ್ತಿದ್ದ. ಈಗ ಎತ್ತು ಸಾಕುವವರಲ್ಲಿ ಅರ್ಧ ಜನ ಷೋಕಿಗೆ ಸಾಕುವವರು. ಪಕ್ಕದೂರಿನ ಅಪ್ಪಯ್ಯಣ್ಣ ಅಂಥವನು. ಎರಡು ಎಕರೆ ಲೇಔಟಿಗೆ ಕೊಟ್ಟ ಮೇಲೆ ಮಗ ಕಾರು ತಗೊಂಡ, ಅಪ್ಪ ಎರಡೂವರೆ ಲಕ್ಷ ಕೊಟ್ಟು ಒಂದು ಜೊತೆ ಹಳ್ಳಿಕಾರ್ ಎತ್ತು ತಗೊಂಡ. ಕಾರನ್ನು ಒರೆಸುವವರಿರಲಿಲ್ಲ. ಎತ್ತುಗಳಿಗೆ ಮಾತ್ರ ದಿನಾ ಮೈತೊಳೆದು, ಕೊಂಬಿಗೆ ಎಣ್ಣೆ ಹಚ್ಚಿ, ಹುರುಳಿ ಬೇಯಿಸಿ ಹಾಕುವುದು ಅಪ್ಪಯ್ಯಣ್ಣನೇ. ಬಸವ, ಸಿದ್ದ ಅಂತ ಹೆಸರು. ಅವುಗಳ ಗೊರಸು ಮುಟ್ಟಲು ಅವನು ಜವರಪ್ಪನೊಬ್ಬನನ್ನೇ ಬಿಡುತ್ತಿದ್ದ.

ಇಂಥ ಜವರಪ್ಪನಿಗೆ ಎರಡು ವರ್ಷದ ಹಿಂದೆ ಎಡಗಡೆಯ ಮೇಲ್ದವಡೆಯಲ್ಲಿ ಒಂದು ಹಲ್ಲು ಕೆಟ್ಟಿತು. ಲವಂಗ ಇಟ್ಟ, ಹೊಗೆಸೊಪ್ಪು ಇಟ್ಟ. ಯಾರೋ ಹೇಳಿದರೆಂದು ಎಕ್ಕದ ಹಾಲು ಬಿಟ್ಟುಕೊಂಡು ವಸಡೆಲ್ಲ ಸುಟ್ಟುಕೊಂಡ. ವಿಜಯಪುರದ ಕಡೆ ಒಬ್ಬಾಕೆ ಹಲ್ಲಿನ ಹುಳ ತೆಗೆಯುತ್ತಾಳೆಂದು ಕೇಳಿ ಅಲ್ಲಿಗೂ ಹೋದ. ಆಕೆ ಕೆಂಡದ ಮೇಲೆ ಯಾವುದೋ ಬೀಜ ಹಾಕಿ, ಹೊಗೆಯನ್ನು ಕೊಳವೆಯಲ್ಲಿ ಬಾಯಿಗೆ ಬಿಟ್ಟು, ತಟ್ಟೆಯ ನೀರಿನಲ್ಲಿ ಬೆಳ್ಳಗೆ ತೇಲುತ್ತಿದ್ದ ಏಳು ಹುಳ ತೋರಿಸಿ ಮುನ್ನೂರು ರೂಪಾಯಿ ಇಸಿದುಕೊಂಡಳು. ಬೀಜ ಒಡೆದು ಬಿದ್ದ ಮೊಳಕೆಯನ್ನೇ ಹುಳವೆಂದು ನಂಬಿ ಬಂದ ಈ ಮಹಾರಾಯ, ಹಾಗೆ ನಂಬಿದ ಖುಷಿಗೇ ಹದಿನೈದು ದಿನ ನೋವಿಲ್ಲದೆ ಇದ್ದ.

ನರಸಮ್ಮ ಬೈದು ಬೈದು ಸೋತಳು. "ಕೀಳಿಸ್ಕೊಂಡ್ ಬಾ ಅಂದ್ರೆ ಕೇಳಲ್ಲ. ಒಂದ್ ಹಲ್ಲಿಗೆ ಊರ್ ತುಂಬ ಔಷಧಿ ಮಾಡ್ತಾನೆ."

"ಮೇಲ್ಹಲ್ಲು ಕಣೇ ಅದು. ಮೇಲ್ಹಲ್ಲು ಕಿತ್ರೆ ಕಣ್ಣಿನ್ ನರ ಬರ್ತದೆ ಜೊತೇಲಿ."

ಇದನ್ನು ನಮ್ಮ ಕಡೆ ಹೇಳದ ಮನೆಯಿಲ್ಲ. ಕೆಳಗಿನ ಹಲ್ಲಾದರೆ ಎಷ್ಟು ಬೇಕಾದರೂ ಕೀಳಿಸು, ಮೇಲಿನದು ಮುಟ್ಟಿದರೆ ದೃಷ್ಟಿ ಹೋಯಿತು. ಜವರಪ್ಪನ ಬಳಿ ಸಾಕ್ಷಿಯೂ ಇತ್ತು. ದೊಡ್ಡಪ್ಪನ ಮಗ ಹನುಮಂತರಾಯಪ್ಪ ಮೇಲ್ಹಲ್ಲು ಕೀಳಿಸಿದ ವರ್ಷದೊಳಗೆ ಕಣ್ಣು ಮಂಜಾಗಿ ಕೋಲು ಹಿಡಿದಿದ್ದ. ಆಗ ಹನುಮಂತರಾಯಪ್ಪನಿಗೆ ಎಪ್ಪತ್ತೆರಡು ವರ್ಷವಾಗಿತ್ತು, ಎರಡೂ ಕಣ್ಣಿಗೆ ಪೊರೆ ಬಂದಿತ್ತು, ಹಲ್ಲು ಇದ್ದಿದ್ದರೂ ಮಂಜಾಗುತ್ತಿತ್ತು ಎನ್ನುವುದು ಯಾರಿಗೂ ಬೇಡವಾದ ಮಾತು. ಜವರಪ್ಪನ ಹೆದರಿಕೆಯನ್ನು ಪೂರ್ತಿ ನಗುವಂತೆಯೂ ಇರಲಿಲ್ಲ. ಗೊರಸಿನ ಹೊರಗೋಡೆಗೂ ಒಳಗಿನ ಹಸಿ ಮಾಂಸಕ್ಕೂ ನಡುವೆ ಒಂದು ರಾಗಿ ಕಾಳಿನಷ್ಟು ಜಾಗ. ಮೊಳೆ ಅಲ್ಲೇ ಹೋಗಬೇಕು. ಕಣ್ಣಿಲ್ಲದ ಲಾಳದವನನ್ನು ಯಾರು ಕರೆಯುತ್ತಾರೆ?

ಕಳೆದ ದೀಪಾವಳಿ ಹೊತ್ತಿಗೆ ಕೆನ್ನೆ ಊದಿಕೊಂಡಾಗ ಒಂದು ಸಲ ಸರ್ಕಾರಿ ಆಸ್ಪತ್ರೆಗೆ ಹೋದ. ಹಲ್ಲಿನ ಡಾಕ್ಟರು ವಾರಕ್ಕೆರಡು ದಿನ, ಮಂಗಳವಾರ ಗುರುವಾರ ಬರುತ್ತಿದ್ದರು. ಒಳ್ಳೆಯ ಮನುಷ್ಯ. "ಕೀವಿದೆ ಯಜಮಾನ್ರೇ, ಈಗ ಕಿತ್ರೆ ಇಂಜೆಕ್ಷನ್ ಹಿಡಿಯಲ್ಲ. ಐದು ದಿನ ಮಾತ್ರೆ ತಗೊಂಡು ಬನ್ನಿ, ಒಂದು ಪೈಸೆ ಇಲ್ದೆ ಕಿತ್ತುಕೊಡ್ತೀನಿ" ಅಂದರು. ಎರಡು ದಿನಕ್ಕೆ ಊತ ಇಳಿಯಿತು. ಹೊಳೆ ದಾಟಿದ ಮೇಲೆ ಅಂಬಿಗನ ಮಿಂಡ. ಉಳಿದ ಮಾತ್ರೆಯನ್ನು ಜವರಪ್ಪ ಸೂರಿಗೆ ಸಿಕ್ಕಿಸಿ ಮರೆತ. ಅದು ಅವನ ಜೀವನದ ದೊಡ್ಡ ತಪ್ಪು. ಆದರೆ ದೊಡ್ಡ ತಪ್ಪು ಮಾಡುವಾಗ ಯಾರಿಗೂ ಅದು ದೊಡ್ಡದಾಗಿ ಕಾಣುವುದಿಲ್ಲ.

ಯುಗಾದಿಗೆ ಮೂರು ವಾರ ಇರುವಾಗ, ಒಂದು ಶುಕ್ರವಾರ ಬೆಳಿಗ್ಗೆ, ಅಪ್ಪಯ್ಯಣ್ಣನ ಎತ್ತುಗಳಿಗೆ ಲಾಳ ಕಟ್ಟಲು ಬಾವ ಬಾಮೈದ ಹೋದರು. ಗುರುವಾರ ರಾತ್ರಿಯಿಂದಲೇ ಜವರಪ್ಪನ ಹಲ್ಲು ಸಿಡಿಯುತ್ತಿತ್ತು. ಇವತ್ತು ಬೇಡ ಬಾವ ಎಂದು ಮುನಿಕೃಷ್ಣ ಹೇಳಿದ. ಹೇಳಿದ ಮಾತು ಕೇಳುವವನಾಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಬಸವನದು ಹೇಗೋ ಮುಗಿಯಿತು. ಸಿದ್ದನನ್ನು ಕೆಡವಿ, ಬಲಗಡೆಯ ಮುಂಗಾಲು ಮುಗಿಸಿ, ಎಡಗಡೆಯದಕ್ಕೆ ಬಂದಾಗ ಬಿಸಿಲು ನೆತ್ತಿಗೇರಿತ್ತು. ಎಡ ಮುಂಗಾಲಿನ ಹೊರಗೊರಸಿಗೆ ಎರಡು ಮೊಳೆ ಹೋಗಿದ್ದವು. ಮೂರನೆಯದಕ್ಕೆ ಸುತ್ತಿಗೆ ಎತ್ತುವಾಗ ದವಡೆಯಿಂದ ಕಣ್ಣಿನ ಗುಡ್ಡೆಯವರೆಗೆ ಒಂದು ಚಳಕು ಹೊಡೆಯಿತು. ಕೈ ಕೂದಲೆಳೆಯಷ್ಟು ವಾಲಿತು. ಮೊಳೆ ಹಸಿಗೆ ಇಳಿಯಿತು.

ಸಿದ್ದ ಅರಚಿತು. ಕಟ್ಟಿದ ನಾಲ್ಕೂ ಕಾಲು ಒಟ್ಟಿಗೆ ಕುಪ್ಪಳಿಸಿ ಬಂದು ಜವರಪ್ಪನ ಎಡಗೆನ್ನೆಗೆ, ಸರಿಯಾಗಿ ಆ ಹಲ್ಲಿನ ಮೇಲೆಯೇ, ಬಡಿದವು.

ಆಮೇಲಿನದನ್ನು ಜವರಪ್ಪ ತಾನು ಮಾಡಿದೆ ಎಂದು ಹೇಳುವುದಿಲ್ಲ, ತನ್ನ ಕೈ ಮಾಡಿತು ಎನ್ನುತ್ತಾನೆ. ಸುತ್ತಿಗೆ ಮೇಲೆ ಹೋಯಿತು. ಮೊದಲ ಏಟು ಎತ್ತಿನ ದವಡೆಗೆ, ಎರಡನೆಯದು ಹಣೆಗೆ. ತಲೆಯನ್ನು ಮಂಡಿಯಲ್ಲಿ ಅದುಮಿ ಹಿಡಿದಿದ್ದ ಮುನಿಕೃಷ್ಣ "ಬಾವಾ!" ಎಂದು ಕೂಗುವಷ್ಟರಲ್ಲಿ ಮೂರನೆಯದು ಬಿತ್ತು. ಅದು ಎಡಗಣ್ಣಿಗೆ ಬಿತ್ತು. ಹಸಿ ಹಲಸಿನ ಕಾಯಿಗೆ ಕುಡುಗೋಲು ಹೊಕ್ಕ ಹಾಗೆ ಒಂದು ಸದ್ದು. ಮುನಿಕೃಷ್ಣ ಹಗ್ಗ ಬಿಟ್ಟ. ಸಿದ್ದ ಕಟ್ಟು ಹರಿದುಕೊಂಡು ಎದ್ದು, ಮುಖದ ಒಂದು ಪಕ್ಕವೆಲ್ಲ ರಕ್ತವಾಗಿ, ಹಿತ್ತಲಿನ ಗೋಡೆಗೆ ಡಿಕ್ಕಿ ಹೊಡೆದು, ತಿರುಗಿ ಬಂದು ಹುಲ್ಲಿನ ಬಣವೆಗೆ ತಲೆ ಒತ್ತಿ ನಿಂತು ನಡುಗತೊಡಗಿತು.

ಅಪ್ಪಯ್ಯಣ್ಣ ಕಾಫಿ ಲೋಟ ಹಿಡಿದು ಜಗಲಿಯಿಂದ ಇಳಿಯುತ್ತಿದ್ದವನು ಎಲ್ಲವನ್ನೂ ನೋಡಿದ. ಅವನು ಬೈಯಲಿಲ್ಲ, ಹೊಡೆಯಲಿಲ್ಲ. "ಹೋಗು" ಅಂದ. ಅಷ್ಟೇ. ಪಶುವೈದ್ಯರಿಗೆ ಫೋನು ಮಾಡುತ್ತಿದ್ದ ಅವನ ಕೈಯಲ್ಲಿ ಲೋಟ ಹಾಗೆಯೇ ಇತ್ತು, ಕಾಫಿ ಪಂಚೆಯ ಮೇಲೆ ಸುರಿಯುತ್ತಿತ್ತು. ಸಂಜೆಗೆ ಊರೆಲ್ಲ ಸುದ್ದಿ: ಎತ್ತಿನ ಎಡಗಣ್ಣು ಹೋಯಿತು, ಇನ್ನು ಬರುವುದಿಲ್ಲ.

ಜವರಪ್ಪ ನೇರ ಮನೆಗೆ ಬಂದ. ಹಿತ್ತಲಿಗೆ ಹೋಗಿ, ಗೊರಸಿನ ಮೊಳೆ ಕೀಳುವ ಇಕ್ಕಳ ತೆಗೆದು, ಕಲ್ಲಿನ ಮೇಲೆ ಕೂತು, ಅದನ್ನು ತನ್ನ ಬಾಯಿಗೆ ಹಾಕಿದ. ನರಸಮ್ಮ ಸಗಣಿ ಬುಟ್ಟಿ ಬಿಟ್ಟು ಓಡಿಬರುವಷ್ಟರಲ್ಲಿ ಒಂದು ಸಲ ತಿರುಚಿಯಾಗಿತ್ತು. ಹಲ್ಲು ಬುಡಸಮೇತ ಬರಲಿಲ್ಲ, ನಡುವಿಗೆ ಚಟ್ಟನೆ ಮುರಿಯಿತು. ಚೂಪು ಅಂಚು ನಾಲಿಗೆಯನ್ನು ಸೀಳಿತು. ಅವನು ಇಕ್ಕಳ ಬಿಡಲಿಲ್ಲ. ಮೊಂಡು ಬುಡಕ್ಕೆ ಮತ್ತೆ ಹಾಕಿದ, ಅದು ವಸಡನ್ನು ಹರಿದುಕೊಂಡು ಜಾರಿತು. ನರಸಮ್ಮ ಅವನ ಎರಡೂ ಕೈಯನ್ನು ಹಿಡಿದು, ಮಣಿಕಟ್ಟು ಕಚ್ಚಿ, ಇಕ್ಕಳ ಕಿತ್ತುಕೊಂಡಳು. ಅಂಗಳದ ಮಣ್ಣೆಲ್ಲ ಕೆಂಪು. "ಸಾಯ್ಬೇಕು ಅಂದ್ರೆ ಬಾವಿ ಐತೆ, ಹೋಗಿ ಬೀಳು! ನನ್ ಕಣ್ಮುಂದೆ ಇದೇನ್ ಮಾಡ್ಕೊಳ್ತಿಯ!" ಎಂದು ಅವಳು ಕಿರುಚಿದ್ದು ಬೀದಿಯ ಕೊನೆಗೂ ಕೇಳಿಸಿತು.

ಗೋಡೆಗೊರಗಿ ಕೂತ ಮೇಲೆ ಅವನಿಗೆ ಮೊಳೆ ನೆನಪಾಯಿತು. ಕಣ್ಣಿನ ಗದ್ದಲದಲ್ಲಿ ಕಾಲನ್ನು ಯಾರೂ ನೋಡಿಲ್ಲ. ಮೂರನೆಯ ಮೊಳೆ ಹಸಿಯಲ್ಲೇ ಇದೆ ಎಂದು ಭೂಮಿಯ ಮೇಲೆ ಗೊತ್ತಿರುವುದು ಅವನೊಬ್ಬನಿಗೇ. ಒಂದು ದಿನ ಬಿಟ್ಟರೆ ಕೀವು, ಮೂರು ದಿನ ಬಿಟ್ಟರೆ ಗೊರಸು ಕಳಚುತ್ತದೆ. ಒಂದು ಕಣ್ಣಿಲ್ಲದ ಎತ್ತನ್ನು ಅಪ್ಪಯ್ಯಣ್ಣ ಸಾಕಬಹುದು. ಕಣ್ಣೂ ಇಲ್ಲದ, ಕಾಲೂ ಇಲ್ಲದ ಎತ್ತಿಗೆ ಒಂದೇ ದಾರಿ, ದಲ್ಲಾಳಿಯ ಲಾರಿ. ಆ ಲಾರಿ ಎಲ್ಲಿಗೆ ಹೋಗುತ್ತದೆಂದು ಎಲ್ಲರಿಗೂ ಗೊತ್ತು.

ಮುನಿಕೃಷ್ಣನ ಫೋನಿನಿಂದ ಮಾಡಿದ. ಊದಿದ ನಾಲಿಗೆಯಲ್ಲಿ ಮೂರು ಸಲ ಹೇಳಬೇಕಾಯಿತು. "ಅಪ್ಪಯ್ಯಣ್ಣ, ಎಡಗಡೆ ಮುಂಗಾಲು, ಮೂರ್ನೇ ಮೊಳೆ ಹಸಿಗೋಗೈತೆ. ಬೇರೆ ಯಾರ್ ಕೈಲಾದ್ರೂ ನಾಳೆಯೊಳ್ಗೆ ಕೀಳಿಸ್ಬಿಡಣ್ಣ."

"ಕಾಲೂರ್ತಿಲ್ಲ ಅಂತ ಈಗ್ ನೋಡ್ದೆ" ಅಂದ ಅಪ್ಪಯ್ಯಣ್ಣ. "ಬೇರೆ ಯಾರವ್ನೆ? ಆವತಿ ಕಡೆ ಲಾಳದೋನು ಮಗಳ ಊರಿಗ್ ಹೋಗವ್ನೆ, ಸೋಮವಾರದ್ ಮಾತು. ನೀನ್ ಹೊಡ್ದಿರೋ ಮೊಳೆ, ನೀನೇ ಬಂದ್ ಕೀಳು. ಆದ್ರೆ ಕೇಳಿಸ್ಕೊ ಜವರಪ್ಪ. ನಡುಗೋ ಕೈಯಾಗ್ ನನ್ ದನ ಮುಟ್ಟಿದ್ರೆ ಆ ಕೈ ನಿನ್ ಮೈಮೇಲಿರಲ್ಲ."

ಜವರಪ್ಪ ಕೈ ಚಾಚಿ ನೋಡಿಕೊಂಡ. ಗಾಳಿಗೆ ಸಿಕ್ಕಿದ ಹುಣಸೆಲೆಯ ಹಾಗೆ ನಡುಗುತ್ತಿತ್ತು. ಆ ಹಲ್ಲಿನ ಬುಡ ಬಾಯಲ್ಲಿ ಇರುವವರೆಗೆ ಅದು ನಿಲ್ಲುವುದಿಲ್ಲ ಎಂದು ಅವನಿಗೆ ಖಾತ್ರಿಯಾಯಿತು. ಕಣ್ಣು ಹೋದರೆ ಹೋಗಲಿ, ಒಂದಕ್ಕೊಂದು ಸರಿಹೋಗುತ್ತದೆ ಎಂದುಕೊಂಡ. ಎರಡು ವರ್ಷದ ಹೆದರಿಕೆ ಒಂದು ಗಳಿಗೆಯಲ್ಲಿ ಕರಗಿತ್ತು. ಆದರೆ ಯಾವಾಗ? ಎತ್ತಿನ ಕಣ್ಣು ಹೋದ ಮೇಲೆ.

ಮಾರನೆಯ ದಿನ ಶನಿವಾರ. ಸರ್ಕಾರಿ ಡಾಕ್ಟರು ಬರುವುದು ಮಂಗಳವಾರ. ದೇವನಹಳ್ಳಿಯ ಖಾಸಗಿ ಕ್ಲಿನಿಕ್ಕೇ ಗತಿ. ಮನೆಯಲ್ಲಿದ್ದದ್ದು ಎಂಟುನೂರು ರೂಪಾಯಿ. ನರಸಮ್ಮ ಆರು ತಿಂಗಳಿಂದ ಒಂದು ಟಗರು ಕಟ್ಟಿ ಮೇಯಿಸುತ್ತಿದ್ದಳು. ಯುಗಾದಿಯ ಮಾರನೆಯ ದಿನ ಹೊಸತೊಡಕು. ಅವತ್ತು ಬಾಡಿಲ್ಲದ ಮನೆ ನಮ್ಮ ಸೀಮೆಯಲ್ಲಿಲ್ಲ. ಆ ವಾರ ಟಗರಿಗೆ ಹದಿನೆಂಟು ಸಾವಿರ ಬರುತ್ತದೆ, ಮನೆಗೆ ಶೀಟು ಹಾಕಿಸಬೇಕು ಎಂದು ಅವಳ ಲೆಕ್ಕ. ಶನಿವಾರ ಬೆಳಿಗ್ಗೆ ಏಳಕ್ಕೆ ಮಟನ್ ಅಂಗಡಿಯ ಜಯಕುಮಾರ್ ಬಂದ. ಊದಿಕೊಂಡ ಜವರಪ್ಪನ ಮುಖ ನೋಡಿದ, ಟಗರಿನ ಬೆನ್ನು ಹಿಸುಕಿ ನೋಡಿದ, ಒಂಬತ್ತು ಸಾವಿರ ಅಂದ.

"ಥೂ, ನಿನ್ ಮನೆ ಹಾಳಾಗ!" ನರಸಮ್ಮ ಕೈಗೆ ಸಿಕ್ಕಿದ ಪೊರಕೆಯನ್ನೇ ಬೀಸಿದಳು. ಅವನು ಪಕ್ಕಕ್ಕೆ ಸರಿದು, ಸುಮ್ಮನೆ ಕಾಯ್ದ. ದುಡ್ಡಿನ ಗರಜು ಯಾರದೆಂದು ಅವನಿಗೆ ಗೊತ್ತಿತ್ತು. ಕೊನೆಗೆ ಒಂಬತ್ತೂವರೆ ಸಾವಿರಕ್ಕೆ ಮುಗಿಯಿತು. ಟಗರು ಹಗ್ಗ ಜಗ್ಗುತ್ತಾ ಹೋಯಿತು. ಅವಳು ಒಳಗೆ ಹೋಗಿ ಸೆರಗಲ್ಲಿ ಮುಖ ಒರೆಸಿಕೊಂಡು, ದುಡ್ಡಿನ ಜೊತೆ ಸರ್ಕಾರದ ಆರೋಗ್ಯದ ಕಾರ್ಡನ್ನೂ ತಂದು ಮುನಿಕೃಷ್ಣನ ಜೇಬಿಗೆ ತುರುಕಿದಳು. ಲ್ಯಾಮಿನೇಷನ್ ಮಾಡಿಸಿ ದೇವರ ಪಟದ ಹಿಂದೆ ಇಟ್ಟಿದ್ದ ಕಾರ್ಡು.

ಕ್ಲಿನಿಕ್ಕಿನ ಮುಂದಿನ ಟೇಬಲಿನ ಹುಡುಗಿ ಕಾರ್ಡನ್ನು ತಿರುಗಿಸಿ ನೋಡಿ ವಾಪಸು ಕೊಟ್ಟಳು. "ಇದು ನಮ್ಮಲ್ಲಿ ನಡೆಯಲ್ಲ ಅಂಕಲ್. ಇನ್ಶೂರೆನ್ಸ್ ಬೇರೆ ಏನಾದ್ರೂ ಇದ್ಯಾ?"

"ಎತ್ತಿಗೈತಮ್ಮ" ಅಂದ ಮುನಿಕೃಷ್ಣ. ಅವನು ತಮಾಷೆಗೆ ಹೇಳಿದ್ದಲ್ಲ. ಅಪ್ಪಯ್ಯಣ್ಣ ಎರಡೂ ಎತ್ತಿಗೆ ವಿಮೆ ಮಾಡಿಸಿ ಕಿವಿಗೆ ನಂಬರಿನ ಓಲೆ ಹಾಕಿಸಿದ್ದು ನಿಜ.

ಡಾಕ್ಟರು ರಂಜಿತ ಎನ್ನುವ ಹೆಣ್ಣುಮಗಳು. ವಯಸ್ಸು ಮೂವತ್ತರ ಒಳಗೆ, ಆಳು ಜವರಪ್ಪನಿಗಿಂತ ಸಣ್ಣ. ಕುರ್ಚಿಯ ಪಕ್ಕ ಮೆಟ್ಟುಮಣೆ ಹಾಕಿಕೊಂಡು ನಿಂತು ಬಾಯೊಳಗೆ ನೋಡಿದವಳೇ ಮಾಸ್ಕಿನ ಹಿಂದೆ ಉಸಿರು ಬಿಗಿಹಿಡಿದಳು. "ಯಾರ್ ಮಾಡಿದ್ದು ಇದನ್ನ?"

"ನಾನೇ, ಮೇಡಮ್ಮ."

"ಕೀವು ತುಂಬಿದೆ. ಬೇರು ಮೂರೂ ಒಳಗೇ ಇದೆ, ಒಂದು ಡೊಂಕಾಗಿದೆ. ಮೂಳೆ ಕೊರೆದು ತೆಗೀಬೇಕು. ಈಗ ಮರಗಟ್ಟೋ ಇಂಜೆಕ್ಷನ್ ಕೊಟ್ರೂ ಪೂರ್ತಿ ಹಿಡಿಯಲ್ಲ. ಐದು ದಿನ ಮಾತ್ರೆ ತಗೊಂಡು ಬನ್ನಿ."

ಅದೇ ಐದು ದಿನ. ಜವರಪ್ಪನಿಗೆ ನಗು ಬಂತೋ ಅಳು ಬಂತೋ, ಗಂಟಲಿನಿಂದ ಗೊರಗೊರ ಸದ್ದು ಬಂತು. ಮುನಿಕೃಷ್ಣನೇ ಎತ್ತಿನ ಕಥೆ ಹೇಳಿದ. ಸುತ್ತಿಗೆಯನ್ನೂ ಬಿಡದೆ ಹೇಳಿದ. ಅವಳು ಕೇಳುತ್ತಾ ಕೈಗವಸನ್ನು ಕಳಚಿ, ಮತ್ತೆ ಹಾಕಿಕೊಂಡಳು. ಎಕ್ಸ್‌ರೇ, ಕೊರೆಯುವುದು, ಹೊಲಿಗೆ, ಔಷಧಿ ಎಲ್ಲ ಸೇರಿ ಏಳೂವರೆ ಸಾವಿರ ಆಗುತ್ತದೆ, ಆರೂವರೆ ಕೊಡಿ ಅಂದಳು. ಹದಿನಾರು ಲಾಳ ಬಡಿದು ಒಂದು ಜೊತೆ ಎತ್ತನ್ನು ನಡೆಸಿದರೆ ಜವರಪ್ಪನಿಗೆ ಸಿಗುವುದು ಎಂಟುನೂರು. ಒಂದು ಹಲ್ಲಿಗೆ ಎಂಟು ಜೊತೆ ಎತ್ತು. ಆದರೂ ಅವನು ತಲೆಯಾಡಿಸಿದ.

"ಒಂದ್ ಕೆಲ್ಸ ಮಾಡಿ ಮೇಡಮ್ಮ. ನನ್ ಕೈ ಕಟ್ಬಿಡಿ."

"ಯಾಕೆ?"

"ನೋವಿಗೆ ಎತ್ತಿದ್ ಕೈ ಇದು. ನಿಮ್ ಮೇಲೂ ಎತ್ಬಿಟ್ರೆ?"

ಇಲ್ಲಿ ಯಾರನ್ನೂ ಕಟ್ಟುವುದಿಲ್ಲ ಎಂದು ಅವಳು ಗದರಿದಳು. ಆದರೂ ಎರಡನೆಯ ಇಂಜೆಕ್ಷನ್ನಿಗೇ ಅವನ ಬಲಗೈ ತಾನಾಗಿ ಮೇಲೆದ್ದಾಗ, ಅವಳೇ ಹಿಂದೆ ಸರಿದು ಮುನಿಕೃಷ್ಣನ ಕಡೆ ನೋಡಿದಳು. ಮುನಿಕೃಷ್ಣ ಹೆಗಲ ಟವೆಲು ತೆಗೆದು ಬಾವನ ಎರಡೂ ಮಣಿಕಟ್ಟನ್ನು ಕುರ್ಚಿಯ ಕೆಳಗೆ ಸೇರಿಸಿ ಬಿಗಿದ. ಆಮೇಲೆ ತಲೆಯ ಕಡೆ ನಿಂತು, ಗದ್ದ ಮತ್ತು ಹಣೆಯನ್ನು ಅದುಮಿ ಹಿಡಿದ. ಎತ್ತಿನ ತಲೆ ಹಿಡಿದು ಪಳಗಿದ ಕೈ, ಅಲುಗಾಡಲು ಬಿಡಲಿಲ್ಲ.

ಕೊರೆಯುವ ಯಂತ್ರ ಮೂಳೆಗೆ ತಾಗಿದಾಗ ಸುಟ್ಟ ಕೊಂಬಿನ ವಾಸನೆ ಬಂತು. ಮೊದಲ ಬೇರಿನ ಸುತ್ತ ಅವಳು ಸಣ್ಣ ಮೀಟುಗೋಲು ತೂರಿಸಿ ತಿರುವಿದಾಗ ಮರಗಟ್ಟದೆ ಉಳಿದಿದ್ದ ನರ ಬೆಂಕಿ ಕಾರಿತು. ಜವರಪ್ಪನ ಬೆನ್ನು ಕಮಾನಾಗಿ ಕುರ್ಚಿಯಿಂದ ಎದ್ದಿತು. ಕಾಲು ಒದೆದು ಉಪಕರಣದ ತಟ್ಟೆ ಉರುಳಿ, ಸ್ಟೀಲಿನ ಸಾಮಾನೆಲ್ಲ ನೆಲಕ್ಕೆ ಚೆಲ್ಲಿತು. ಕೀವು ಒಡೆದು ಬಾಯಿ ತುಂಬಿತು, ಮೂಗಿಗೂ ಹತ್ತಿತು. ಅರಚಲು ಹೋದರೆ ಬಾಯಲ್ಲಿ ಅವಳ ಕೈ. ಆಗ ಅವನಿಗೆ ತಿಳಿಯಿತು: ಎತ್ತು ಒದ್ದದ್ದು ಕೋಪಕ್ಕಲ್ಲ. ಮೂವತ್ತೈದು ವರ್ಷದಲ್ಲಿ ಸಾವಿರಾರು ದನಗಳ ಕಾಲು ಬಿಗಿದಿದ್ದ ಅವನಿಗೆ ಕೆಳಗೆ ಮಲಗಿದವರ ಸಂಕಟ ಇದೇ ಮೊದಲು ಗೊತ್ತಾದದ್ದು. ಆ ನಾಚಿಕೆ ಅವನನ್ನು ಕೊಂದಿತು.

ಮೊದಲ ಬೇರು ಬಂತು, ಎರಡನೆಯದೂ ಬಂತು. ಮೂರನೆಯದು, ಡೊಂಕಿನದು, ಮುಕ್ಕಾಲು ಗಂಟೆ ಬರಲಿಲ್ಲ. ರಂಜಿತಾಳ ಅಂಗಿಯ ಮೇಲೆ ರಕ್ತ ಸಿಡಿದಿತ್ತು. ಅವಳು ಒಂದು ಮಂಡಿಯನ್ನು ಕುರ್ಚಿಯ ಅಂಚಿಗೆ ಊರಿ, "ಇನ್ನೊಂದೇ ಸಲ ತಾತ, ಇನ್ನೊಂದೇ ಸಲ" ಎನ್ನುತ್ತಾ ಇಕ್ಕಳ ಹಾಕಿ ಮೈಭಾರವೆಲ್ಲ ಬಿಟ್ಟು ಎಳೆದಳು. ಮೂಳೆಯಿಂದ ಕಿತ್ತುಬರುವ ಸದ್ದು ತಲೆಬುರುಡೆಯೊಳಗೆಲ್ಲ ಕೇಳಿಸಿತು. ಜವರಪ್ಪನ ಪಂಚೆ ಒದ್ದೆಯಾಗಿತ್ತು. ಅದನ್ನು ಅವನೂ ನೋಡಿದ, ಅವಳೂ ನೋಡಿದಳು.

ಹೊಲಿಗೆ ಹಾಕಿ, ಹತ್ತಿ ಕಚ್ಚಿಸಿ, ಟವೆಲು ಬಿಚ್ಚಿದರು. ಜವರಪ್ಪ ಬಲಗಣ್ಣನ್ನು ಅಂಗೈಯಲ್ಲಿ ಮುಚ್ಚಿಕೊಂಡು ಎಡಗಣ್ಣಿನಿಂದ ನೋಡಿದ. ಗೋಡೆಯ ಕ್ಯಾಲೆಂಡರ್ ಕಂಡಿತು. ಅದರ ಮೇಲಿನ ತಾರೀಖು ಕಂಡಿತು. ಮುನಿಕೃಷ್ಣನ ಮೀಸೆಯಲ್ಲಿ ಸಿಕ್ಕಿದ್ದ ಬೆವರ ಹನಿಯೂ ಕಂಡಿತು. ಏನೂ ಆಗಿರಲಿಲ್ಲ. ಎರಡು ವರ್ಷದ ಹಿಂದೆಯೂ ಏನೂ ಆಗುತ್ತಿರಲಿಲ್ಲ. ಕುರ್ಚಿಯಲ್ಲಿ ಕೂತಲ್ಲೇ ಆ ಮನುಷ್ಯ ಬಿಕ್ಕಿ ಬಿಕ್ಕಿ ಅತ್ತ. ನೋವಾಗುತ್ತಿದೆಯೇ ಎಂದು ಡಾಕ್ಟರು ಕೇಳಿದಳು. ಇಲ್ಲ ಎಂದು ತಲೆಯಾಡಿಸಿದ.

ಮಧ್ಯಾಹ್ನ ಎರಡು ಗಂಟೆಗೆ ಮುನಿಕೃಷ್ಣನ ಮೊಪೆಡ್ಡಿನ ಹಿಂದೆ ಕೂತು ಅಪ್ಪಯ್ಯಣ್ಣನ ಮನೆಗೆ ಬಂದ. ಸಿದ್ದನನ್ನು ಹೊಂಗೆಮರದ ಕೆಳಗೆ ಕಟ್ಟಿದ್ದರು. ಎಡಗಣ್ಣಿನ ಮೇಲೆ ಔಷಧಿಯ ಬಟ್ಟೆ, ಎಡ ಮುಂಗಾಲು ನೆಲಕ್ಕೆ ತಾಗಿಯೂ ತಾಗದಂತೆ. ಅಪ್ಪಯ್ಯಣ್ಣ ಜವರಪ್ಪನ ಕೈ ಹಿಡಿದು ಬಿಸಿಲಿಗೆ ಚಾಚಿಸಿ ನೋಡಿದ. ನಡುಗುತ್ತಿರಲಿಲ್ಲ. ಕೈ ಬಿಟ್ಟ.

ಮುನಿಕೃಷ್ಣ ಕೆಡವುವ ಹಗ್ಗದ ಸುರುಳಿ ಬಿಚ್ಚಿದ್ದೇ ತಡ, ಸಿದ್ದ ಬಾಯಲ್ಲಿ ನೊರೆ ಬರುವಂತೆ ಮೂಗುದಾರ ಜಗ್ಗಿತು. ಹಗ್ಗ ಬೇಡವೆಂದು ಜವರಪ್ಪ ಸನ್ನೆ ಮಾಡಿದ. ಎತ್ತನ್ನು ಕೆಡವದೆ, ನಿಂತಲ್ಲೇ, ನೋಯುವ ಕಾಲನ್ನು ಎತ್ತಿ ತನ್ನ ಎರಡು ಮಂಡಿಯ ನಡುವೆ ಇಟ್ಟುಕೊಂಡ. ಅವನು ಮುಟ್ಟಿದಾಗಲೆಲ್ಲ ಎತ್ತಿನ ಮೈ ಬೆಚ್ಚಿ ಬೀಳುತ್ತಿತ್ತು. ಲಾಳದ ಅಂಚಿಗೆ ಉಳಿ ಕೊಟ್ಟು ಮೀಟಿದ. ಮೊದಲ ಮೊಳೆ, ಎರಡನೆಯದು. ಮೂರನೆಯದಕ್ಕೆ ಇಕ್ಕಳ ಹಾಕಿ, ಉಸಿರು ಬಿಗಿಹಿಡಿದು, ಒಂದೇ ನೇರಕ್ಕೆ ಎಳೆದ. ಮೊಳೆ ಬಂತು, ಹಿಂದೆಯೇ ಕಪ್ಪು ರಕ್ತ ಚಿಮ್ಮಿತು.

ಸಿದ್ದ ಸರಕ್ಕನೆ ತಿರುಗಿತು. ಕೊಂಬು ಜವರಪ್ಪನ ಎಡಗೆನ್ನೆಗೆ ಅಪ್ಪಳಿಸಿ, ಅವನು ಮೂರು ಮಾರು ದೂರ ಹೋಗಿ ಬಿದ್ದ. ಹೊಲಿಗೆ ಬಿಚ್ಚಿ ಬಾಯಿ ತುಂಬ ರಕ್ತ. ಬಿದ್ದಲ್ಲಿ ಅವನ ಬಲಗೈ ಪಕ್ಕದಲ್ಲೇ ಸುತ್ತಿಗೆ ಇತ್ತು. ಮುನಿಕೃಷ್ಣ ಆ ಕೈಯನ್ನೇ ನೋಡುತ್ತಿದ್ದ, ಅಪ್ಪಯ್ಯಣ್ಣನೂ ಅದನ್ನೇ ನೋಡುತ್ತಿದ್ದ. ಜವರಪ್ಪ ಎದ್ದ, ಬರಿಗೈಯಲ್ಲಿ ಎತ್ತಿನ ಬಳಿ ಹೋದ, ಮತ್ತೆ ಆ ಕಾಲನ್ನೇ ಎತ್ತಿಕೊಂಡು ಕೀವು ಪೂರ್ತಿ ಹಿಂಡಿ, ಕಾಯಿಸಿದ ಬೇವಿನೆಣ್ಣೆ ಬಿಟ್ಟು ಬಟ್ಟೆ ಕಟ್ಟಿದ. ಸ್ವಲ್ಪ ಹೊತ್ತಿಗೆ ಸಿದ್ದ ಕಾಲನ್ನು ನೆಲಕ್ಕೆ ಊರಿತು.

"ಹಲ್ಲಿಗೆ ಎಷ್ಟಾಯ್ತು?" ಅಪ್ಪಯ್ಯಣ್ಣ ಕೇಳಿದ.

"ಆರೂವರೆ ಸಾವ್ರ ಅಣ್ಣ" ಅಂದ ಮುನಿಕೃಷ್ಣ. "ಅಕ್ಕನ್ ಟಗರು ಹೋಯ್ತು."

"ಆರೂವರೆ ಸಾವ್ರ!" ಅಪ್ಪಯ್ಯಣ್ಣನ ದನಿ ಒಡೆಯಿತು. "ನನ್ನೊಂದ್ ಮಾತ್ ಕೇಳಿದ್ರೆ ಬಿಸಾಕ್ತಿರ್ಲಿಲ್ವೇನೋ? ದುಡ್ಡಿಲ್ದೆ ನೋವು ತಿಂದ್ಕೊಂಡಿದ್ದ ಪಾಪ ಅಂತವ್ರೆ ಊರ್ನೋರು."

ಅದು ಜವರಪ್ಪನಿಗೆ ಸಿಕ್ಕ ಬಾಗಿಲು. ತಲೆ ತಗ್ಗಿಸಿ ಸುಮ್ಮನೆ ನಿಂತಿದ್ದರೆ ಸಾಕಿತ್ತು, ಬಡವನ ಹಲ್ಲುನೋವಿನ ಮೇಲೆ ಎಲ್ಲ ತಪ್ಪೂ ಹೋಗುತ್ತಿತ್ತು. ಬಾಯಲ್ಲಿ ಹತ್ತಿಯೂ ಇತ್ತು, ಮಾತಾಡಲಾಗದೆಂಬ ನೆಪವೂ ಇತ್ತು. ಅವನು ಹತ್ತಿಯನ್ನು ಉಗಿದ.

"ದುಡ್ಡಲ್ಲಣ್ಣ. ಸರ್ಕಾರಿ ಡಾಕ್ಟ್ರು ಪುಕ್ಸಟ್ಟೆ ಕೀಳ್ತೀನಿ ಅಂದಿದ್ರು. ನಾನೇ ಹೋಗ್ಲಿಲ್ಲ. ಮೇಲ್ಹಲ್ಲು ಕಿತ್ರೆ ನನ್ ಕಣ್ಣೋಗ್ತದೆ ಅಂತ ಹೆದ್ರುಕೊಂಡಿದ್ದೆ."

ಅಪ್ಪಯ್ಯಣ್ಣ ಎತ್ತಿನ ಮುಖದ ಬಟ್ಟೆಯನ್ನು ನೋಡಿದ. ಜವರಪ್ಪನ ನೆಟ್ಟಗಿದ್ದ ಎರಡೂ ಕಣ್ಣನ್ನು ನೋಡಿದ. ನಿನ್ನೆಯಿಂದ ಬೀಳದೆ ಉಳಿದಿದ್ದ ಏಟು ಆಗ ಬಿತ್ತು. ಬಲಗೆನ್ನೆಗೆ ಬಿದ್ದ ಆ ಹೊಡೆತಕ್ಕೆ ಜವರಪ್ಪ ಮಂಡಿಯೂರಿ ಕೂತುಬಿಟ್ಟ. ಮುಂದೆ ನುಗ್ಗಿದ ಮುನಿಕೃಷ್ಣನನ್ನು ಅವನೇ ಕೈ ಅಡ್ಡ ಹಿಡಿದು ತಡೆದ.

ಅಪ್ಪಯ್ಯಣ್ಣ ಹಿಂದೆ ಸರಿದ. ಆಮೇಲೆ ಬಗ್ಗಿ, ನೆಲದ ಮೇಲಿದ್ದ ಇಕ್ಕಳ, ಉಳಿ, ಸುತ್ತಿಗೆಯನ್ನು ಒಂದೊಂದಾಗಿ ಎತ್ತಿ ಚೀಲಕ್ಕೆ ಹಾಕಿ, ಚೀಲವನ್ನು ಜವರಪ್ಪನ ಮುಂದಿಟ್ಟ.

"ಇನ್ನೂ ಮೂರು ಕಾಲು ಬಾಕಿ ಅವೆ. ಬಾಯಿ ವಾಸಿ ಮಾಡ್ಕೊಂಡ್ ಬಾ" ಅಂದ. "ಬಂದಾಗ ಬಲಗಡೆಯಿಂದ ಹತ್ರ ಹೋಗು. ಎಡಗಡೆ ಅದಕ್ಕೆ ಕಾಣ್ಸಲ್ಲ."